ಕೇರಿನ ಬೀಜ ಕಲಿಸಿದ ಪಾಠ

"ಬಿಳಿ ರಕ್ತಕಣಗಳು ದೇಹವೆಂಬ ಕೋಟೆಯ ಸೈನಿಕರು, ಪರಕೀಯರನ್ನು ಕಂಡೊಡನೆ ಕೊಲ್ಲುತ್ತವೆ." ವರ್ಷಗಟ್ಟಲೆ ಹೀಗೆಯೇ ಪಾಠ ಹೇಳಿದವನು ನಾನು. ಇಂದು ಆ ಉಪಮೆಯ ವಿರುದ್ಧವೇ ಬರೆಯಬೇಕಾಗಿದೆ.

ಸನವಳ್ಳಿ ಕಡೆಯ ಹುಡುಗನೊಬ್ಬ ಒಮ್ಮೆ ಮುಖವೆಲ್ಲ ಬಾತುಕೊಂಡು ತರಗತಿಗೆ ಬಂದ. ಕೇರಿನ ಮರ ಹತ್ತಿದ್ದನಂತೆ. "ಸರ್, ಜೊತೆಗೆ ಹತ್ತಿದ ತಮ್ಮನಿಗೆ ಏನೂ ಆಗಲಿಲ್ಲ. ನನಗೇ ಏಕೆ? ಅದೂ ಎರಡು ದಿನ ಕಳೆದ ಮೇಲೆ?" ಎಂದು ಕೇಳಿದ. "ಅದರ ಎಣ್ಣೆ ವಿಷ, ಸುಡುತ್ತದೆ" ಎಂದುಬಿಟ್ಟೆ. ಅವನ ಪ್ರಶ್ನೆ ನನ್ನ ಉತ್ತರಕ್ಕಿಂತ ಹೆಚ್ಚು ವೈಜ್ಞಾನಿಕವಾಗಿತ್ತು. ಬರಿಯ ವಿಷವಾಗಿದ್ದರೆ ಇಬ್ಬರನ್ನೂ ಸುಡಬೇಕಿತ್ತು, ಆಗಲೇ ಸುಡಬೇಕಿತ್ತು.

ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಆ ಎಣ್ಣೆಯು, ಅಮೆರಿಕದ ಪಾಯಿಸನ್ ಐವಿ ಬಳ್ಳಿಯ ಉರುಶಿಯಾಲ್‌ನ ರಾಸಾಯನಿಕ ಬಂಧು. ನಮ್ಮ ಚರ್ಮದ ಲ್ಯಾಂಗರ್‌ಹ್ಯಾನ್ಸ್ ಕೋಶಗಳ ಮೇಲೆ ಸಿಡಿ1ಎ ಎಂಬ ಪ್ರೋಟೀನು ಇದೆ. ಅದರ ಪೊಟರೆಯಲ್ಲಿ ಜಿಡ್ಡಿನ ಅಣುಗಳು ಕೂರುತ್ತವೆ. ಟಿ ಕೋಶಗಳು ಬಂದು ಪರೀಕ್ಷಿಸುತ್ತವೆ. ಇಲಿಗಳಿಗೆ ಈ ಪ್ರೋಟೀನು ಸಹಜವಾಗಿ ಇಲ್ಲ. ಅದನ್ನು ಅಳವಡಿಸಿದ ಇಲಿಗಳಿಗೆ ಉರುಶಿಯಾಲ್ ಹಚ್ಚಿದಾಗ ಉರಿಯೂತವು ಉಲ್ಬಣಿಸಿದ್ದನ್ನು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಟಿ ಕೋಶಗಳು ಮೊದಲ ಸ್ಪರ್ಶದಲ್ಲಿ ಕಲಿತು, ಮರುಸ್ಪರ್ಶದಲ್ಲಿ ನಿಧಾನವಾಗಿ ಕೆರಳುತ್ತವೆ. ಎರಡು ದಿನದ ವಿಳಂಬಕ್ಕೆ ಇದೇ ಕಾರಣ. ಕಲಿಯದವನ ಮೈ ಬಾಯುವುದಿಲ್ಲ.

ಇನ್ನೂ ದೊಡ್ಡ ಅಚ್ಚರಿ ಬೇರೆಯಿದೆ. ಅದೇ ಪೊಟರೆಯಲ್ಲಿ ನಮ್ಮದೇ ಚರ್ಮದ ಸ್ಕ್ವಾಲೀನ್, ಮೇಣದ ಎಸ್ಟರ್‌ಗಳು ಕುಳಿತಾಗಲೂ ಕೆಲವು ಟಿ ಕೋಶಗಳು ಗುರುತಿಸಿ ಪ್ರತಿಕ್ರಿಯಿಸುತ್ತವೆ ಎಂದು 2014ರಲ್ಲಿ ಬಾಸ್ಟನ್ನಿನ ಬ್ರಾಂಚ್ ಮೂಡಿ ಅವರ ತಂಡ ಪ್ರಕಟಿಸಿತು. ಇಂತಹ ಸ್ವಗ್ರಾಹಿ ಕೋಶಗಳು ಆರೋಗ್ಯವಂತರ ರಕ್ತದಲ್ಲಿಯೂ ಇವೆ. ಸ್ಫಿಂಗೋಮಯಲಿನ್‌ನಂತಹ ಬೇರೆ ಜಿಡ್ಡುಗಳು ಆ ಸ್ಪರ್ಶವನ್ನು ತಡೆಯುತ್ತವೆ. ಅಂದರೆ ಆರೋಗ್ಯವೆಂಬುದು ಶತ್ರುಸಂಹಾರ ಮಾತ್ರವಲ್ಲ. ಸ್ವಂತದ್ದನ್ನು ಗುರುತಿಸಿಯೂ ಕೆರಳದಿರುವ ಸಂಯಮ.

ಸೈನಿಕನ ಉಪಮೆಯಲ್ಲಿ ಈ ಸಂಯಮಕ್ಕೆ ಜಾಗವೆಲ್ಲಿ? ಮಕ್ಕಳಿಗೆ ಸರಳವಾಗಿ ಹೇಳಬೇಕೆನ್ನುವವರಿಗೆ ನನ್ನ ಉತ್ತರವಿಷ್ಟೇ: ಸರಳತೆ ಬೇಕು, ಅಸತ್ಯ ಬೇಡ. ಆ ಅಸತ್ಯವನ್ನು ಕಲಿತು ಬೆಳೆದವರಿಗೇ 2020ರ ಸೋಂಕಿನ ಕಾಲದಲ್ಲಿ "ರೋಗನಿರೋಧಕ ಶಕ್ತಿ ವರ್ಧಕ" ಕಷಾಯ, ಗುಳಿಗೆಗಳು ಧಾರಾಳವಾಗಿ ಮಾರಾಟವಾದವು. ಸೈನಿಕರು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ! ಲಸಿಕೆಯ ಮಾತು ಬೇರೆ. ಅದು ನಿರ್ದಿಷ್ಟ ರೋಗಾಣುವಿನ ಗುರುತನ್ನು ಕಲಿಸುತ್ತದೆ. ಆದರೆ ಈ ವರ್ಧಕಗಳು ಯಾವ ಕೋಶವನ್ನು, ಎಷ್ಟು ಹೆಚ್ಚಿಸುತ್ತವೆ? ಮಾರುವವರು ಹೇಳಲಿ. ಆ ಹುಡುಗನ ಮುಖ ಬಾತದ್ದು ನಿರೋಧಕ ಶಕ್ತಿಯ ಕೊರತೆಯಿಂದಲ್ಲ, ಅದರ ಅತಿರೇಕದಿಂದ.

ಉಪಮೆ ಬೇಕೇ ಬೇಕೆಂದರೆ ಊರಿನ ರಾತ್ರಿ ಕಾವಲುಗಾರನನ್ನು ತನ್ನಿ. ಅವನು ಮೊದಲು ಊರವರ ಮುಖಗಳನ್ನು ಅರಿತಿರಬೇಕು. ಕಂಡವರಿಗೆಲ್ಲ ಕೋಲು ಬೀಸಬಾರದು.

ಆ ಹುಡುಗ ಈಗ ಎಲ್ಲಿರುವನೋ! ಅವನಿಗೆ ಕೊಡಬೇಕಾಗಿದ್ದ ಉತ್ತರವಿದು. ಇಂದು ತರಗತಿಯಲ್ಲಿ ನಿಂತಿರುವ ಶಿಕ್ಷಕ ಮಿತ್ರರು ಇಂತಹ ಸಾಲವನ್ನು ಉಳಿಸಿಕೊಳ್ಳದಿರಲಿ.