ಕೈಗುಣವೆಂಬ ಸೋಗು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು ಮದ್ಯ ಬೆರೆಸುವ ವಿಚಾರ ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ನಾನು ಕುಡಿಯುವವನಲ್ಲ. ಆದರೆ ಭೌತಶಾಸ್ತ್ರಕ್ಕೆ ಕಣ್ಣೆದುರೇ ಅವಮಾನವಾಗುವಾಗ ಸುಮ್ಮನಿರುವ ಅಭ್ಯಾಸವೂ ನನಗಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಒಂದು ಸಂಜೆ ಅವನ ಗೆಳೆಯನೊಬ್ಬ ಪಿಸ್ಕೋ ಸೀಸೆ ತಂದಿದ್ದ. ದ್ರಾಕ್ಷಿಯಿಂದ ಭಟ್ಟಿಯಿಳಿಸಿದ ಈ ಮದ್ಯ ಪೆರು ದೇಶದ್ದು. ತಮ್ಮದೆಂದು ಚಿಲಿಯವರೂ ವಾದಿಸುತ್ತಾರೆ. ಪೆರುವಿನ ನಿಯಮದಂತೆ ಭಟ್ಟಿಯಿಳಿದ ಮೇಲೆ ಅದಕ್ಕೆ ನೀರು ಸೇರಿಸುವಂತಿಲ್ಲ, ಮರದ ಪೀಪಾಯಿಯಲ್ಲಿಟ್ಟು ಹಳತಾಗಿಸುವಂತಿಲ್ಲ. ಹೀಗಾಗಿ ನೋಡಲು ನೀರಿನಷ್ಟೇ ತಿಳಿ. ಆ ತರುಣ ಗಾಜಿನ ಲೋಟದಲ್ಲಿ ಕೆಳಗೆ ಕೆಂಪು, ನಡುವೆ ಹಳದಿ, ಮೇಲೆ ಪಿಸ್ಕೋ ಎಂದು ಮೂರು ಪದರ ನಿಲ್ಲಿಸಿದ. ಹೇಗೆಂದು ಮೊಮ್ಮಗಳು ಕೇಳಿದಳು. “ಅದು ಕೈಗುಣ ಪುಟ್ಟಾ, ಎಲ್ಲರಿಗೂ ಬರೋದಿಲ್ಲ” ಎಂದ. ಪಕ್ಕದಲ್ಲಿದ್ದ ಇನ್ನೊಬ್ಬರು, “ಎಣ್ಣೆ ನೀರು ಸೇರುತ್ತಾ? ಇದೂ ಹಾಗೇ” ಎಂದರು.

ಎರಡೂ ತಪ್ಪು. ಎಣ್ಣೆ ನೀರಿನಲ್ಲಿ ಬೆರೆಯದು. ಕಲಕಿ ಬಿಟ್ಟರೂ ಮತ್ತೆ ಮೇಲೇಳುತ್ತದೆ. ಪಿಸ್ಕೋ, ಹಣ್ಣಿನ ರಸ, ಸಕ್ಕರೆ ಪಾಕ ಒಂದರೊಳಗೊಂದು ಪೂರ್ತಿ ಬೆರೆಯುವಂಥವು; ಕಲಕಿದರೆ ಮತ್ತೆ ಬೇರೆಯಾಗವು. ಅವನ್ನು ತಡೆದಿರುವುದು ಸಾಂದ್ರತೆ. ಸಮತೂಕದ ಸಕ್ಕರೆ, ನೀರಿನ ಪಾಕ ಒಂದು ಮಿಲಿಲೀಟರಿಗೆ ಸುಮಾರು 1.23 ಗ್ರಾಂ ತೂಗುತ್ತದೆ, ಕಿತ್ತಳೆ ರಸ ಸುಮಾರು 1.04, ಶೇಕಡಾ 40ರಷ್ಟು ಆಲ್ಕೊಹಾಲ್ ಇರುವ ಪಿಸ್ಕೋ ಸುಮಾರು 0.95. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಇದರಲ್ಲಿ ಕೈಯ ಪಾಲೆಷ್ಟು?

ಅದನ್ನು ತಿಳಿಯಲೆಂದೇ ನಾನೂ ಮಾಡಿದೆ. ಎಲ್ಲವನ್ನೂ ಮೊದಲೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಬೇಕು, ಏಕೆಂದರೆ ಆಮೇಲೆ ಮಂಜುಗಡ್ಡೆ ಹಾಕಿದರೆ ಪದರ ಕಲಕುತ್ತದೆ. ಕಿರಿದಾದ ಲೋಟದ ತಳಕ್ಕೆ ಗ್ರೆನಡೀನ್ ಎಂಬ ದಾಳಿಂಬೆ ಪಾಕ 15 ಮಿಲಿಲೀಟರ್. ಅದರ ಮೇಲೆ ಸೋಸಿದ ಕಿತ್ತಳೆ ರಸ 90. ಕೊನೆಗೆ ಪಿಸ್ಕೋ 45. ಚಮಚವನ್ನು ಬೋರಲು ಮಾಡಿ ಲೋಟದ ಒಳಗೋಡೆಗೆ ತಾಗಿಸಿ, ಅದರ ಬೆನ್ನಿನ ಮೇಲೆ ಸಣ್ಣ ಧಾರೆಯಾಗಿ ಸುರಿಯಬೇಕು. ಚಮಚದ ಕೆಲಸ ಬೀಳುವ ರಭಸವನ್ನು ಮುರಿಯುವುದು, ಅಷ್ಟೇ. ಮೊದಲ ಸಲ ಎತ್ತರದಿಂದ ಸುರಿದು ಕೆಡಿಸಿದೆ. ಎರಡನೆಯ ಸಲ ಈ ಅರವತ್ತೇಳರ ನಡುಗುವ ಕೈಯಲ್ಲೇ ಮೂರು ಪದರ ನಿಂತವು. (ಕುಡಿಯುವವರು ಕಲಕಿಯೇ ಕುಡಿಯಬೇಕಂತೆ. ಇಲ್ಲವಾದರೆ ಮೊದಲ ಗುಟುಕು ಬರೀ ಮದ್ಯ, ಕೊನೆಯದು ಬರೀ ಪಾಕ.)

ಇದೇ ಊರಿನಲ್ಲಿ ಹಿಂದೆ ಬ್ಯಾಂಕ್ ಎಕ್ಸ್‌ಚೇಂಜ್ ಎಂಬ ಪಾನಗೃಹವಿತ್ತು. ಅದರ ಒಡೆಯ ಡಂಕನ್ ನಿಕೋಲ್ ತನ್ನ ಹೆಸರಾಂತ ಪಿಸ್ಕೋ ಪಂಚ್‌ನ ಗುಟ್ಟನ್ನು ಬಿಟ್ಟುಕೊಡದೆ 1926ರಲ್ಲಿ ತೀರಿಕೊಂಡ. ಅವನದು ಹೊಟ್ಟೆಪಾಡು, ಕ್ಷಮಿಸೋಣ. ಅಡುಗೆಮನೆಯಲ್ಲಿ ನಿಂತು ಕೇಳುವ ಹುಡುಗಿಗೆ ಕಾರಣ ಹೇಳಿದರೆ ಯಾರ ಅನ್ನ ಹೋಗುತ್ತದೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದಿತ್ತು. ಕೈಗುಣ ಎಂದರೆ, ನೀನು ಇನ್ನು ಕೇಳಬೇಡ ಎಂದಂತೆ.

ಈ ಮಾತು ಬರೆಯುವಾಗ ನನ್ನ ಕೈಯೂ ತಡೆಯುತ್ತದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಸಾಂದ್ರತೆ ಕಣ್ಣಿಗೆ ಕಾಣುತ್ತಾ?” ಎಂದು ಕೇಳಿದ್ದ. “ಅದು ಪರೀಕ್ಷೆಗೆ ಬರೋಲ್ಲ, ಕೂತ್ಕೋ” ಎಂದಿದ್ದೆ. ಶಾಲೆಯಲ್ಲಿ ಪ್ರಯೋಗಾಲಯವಿಲ್ಲ ಎಂದು ವರ್ಷಗಟ್ಟಲೆ ದೂರಿದವನು ನಾನು. ಇದಕ್ಕೆ ಬೇಕಿದ್ದದ್ದು ಮೂರು ಲೋಟ ನೀರು, ಒಂದು ಹಿಡಿ ಸಕ್ಕರೆ, ನನ್ನ ಜೇಬಿನಲ್ಲೇ ಇದ್ದ ಶಾಯಿ.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಕೂರಿಸಿಕೊಂಡೆ. ಒಂದು ಲೋಟಕ್ಕೆ ಆರು ಚಮಚ ಸಕ್ಕರೆ, ಒಂದಕ್ಕೆ ಮೂರು, ಇನ್ನೊಂದಕ್ಕೆ ಏನೂ ಇಲ್ಲ. ಮೂರಕ್ಕೂ ಬೇರೆ ಬೇರೆ ಬಣ್ಣ. ಸುರಿದವಳು ಅವಳೇ. ಪದರಗಳು ನಿಂತವು. ಸ್ವಲ್ಪ ಹೊತ್ತು ನೋಡಿ, “ಉಪ್ಪು ಹಾಕಿದರೂ ಆಗುತ್ತಾ ಅಜ್ಜ?” ಎಂದಳು. ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.