ಶೆಟ್ಟರು-ಶೆಟ್ಟಮ್ಮ ಜಪಾನಿಗೆ ಹೋಗಿ ಬಂದರು



ಹೋದ ಸಲ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ನಿಮ್ಮನ್ನು ಅಡಿಗೆಮನೆಯಿಂದ ಸ್ವಲ್ಪ ದೂರ, ಅಂದರೆ ಜಪಾನಿನವರೆಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ನಾನೇ ಹೋಗಿ ಬಂದೆ ಎಂದುಕೊಳ್ಳಬೇಡಿ. ಹೋಗಿ ಬಂದವರು ನಮ್ಮನೆಯ ಶೆಟ್ಟರು ಮತ್ತು ಶೆಟ್ಟಮ್ಮ. ಇಬ್ಬರೂ ಎರಡೆರಡು ಅಂಗುಲ ಎತ್ತರ. ಚನ್ನಪಟ್ಟಣದ ಮರದ ಗೊಂಬೆಗಳು.

ಮೈಸೂರು ಕಡೆಯ ಓದುಗರಿಗೆ ಇವರ ಪರಿಚಯ ಹೇಳಬೇಕಾಗಿಲ್ಲ. ದಸರಾ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟುಕೊಂಡು ಅಂಗಡಿ ಹಾಕಿ ಕೂರುವ ದಂಪತಿಗಳು ಇವರೇ. ನಮ್ಮನೆಯ ಜೋಡಿಯನ್ನು 1971ರಲ್ಲಿ, ಅತ್ತೆಯವರು ಮದುವೆಯಾಗಿ ಬಂದ ಮರುವರ್ಷ, ಮಾವನವರು ಚನ್ನಪಟ್ಟಣದಿಂದ ತಂದಿದ್ದರಂತೆ. ಹಾಲೆ ಮರವನ್ನು ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆ ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಐವತ್ತು ವರ್ಷ ದಾಟಿದರೂ ನಮ್ಮ ಶೆಟ್ಟಮ್ಮನ ಹಳದಿ ಸೀರೆ ಮಾಸಿಲ್ಲ. ಮುಖದ ಚುಕ್ಕೆಗಳು ಮಾತ್ರ ಸ್ವಲ್ಪ ಅಳಿಸಿವೆ.

ಇವರು ವಿಮಾನ ಹತ್ತಿದ್ದು ಹೇಗೆ ಅಂತೀರಾ? ನನ್ನ ಮೈದುನ ಸಂಸಾರ ಸಮೇತ ಜಪಾನಿನ ಯೊಕೊಹಾಮಾದಲ್ಲಿದ್ದಾನೆ. 2024ರ ಏಪ್ರಿಲ್‌ನಲ್ಲಿ ಚೆರ್ರಿ ಹೂವಿನ ಕಾಲಕ್ಕೆ ಅತ್ತೆಯವರನ್ನು ಕರೆಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಜೊತೆಗೆ ನಾನು. ನಲವತ್ತೇಳನೇ ವಯಸ್ಸಿಗೆ ನನಗೂ ಪಾಸ್‌ಪೋರ್ಟ್ ಬಂತು! ಫೋಟೋದಲ್ಲಿ ಕಳ್ಳಿಯ ಹಾಗೆ ಕಂಡರೂ ಅದನ್ನು ದಿನಕ್ಕೆರಡು ಸಲ ಬೀರುವಿನಿಂದ ತೆಗೆದು ನೋಡುತ್ತಿದ್ದೆ. ಹೊಸ ಸೂಟ್‌ಕೇಸೂ ಬಂತು. ಸಂಕ್ರಾಂತಿಯ ಮರುವಾರ ಅತ್ತೆಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು. ಪ್ರಯಾಣ ನಿಂತಿತು.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅವರಿಗೆ ನೋವಾಗಿದ್ದಕ್ಕೆ ನನಗೆ ಸಂಕಟವಾಗಿದ್ದು ನಿಜ. ಆದರೆ ಬೆಡ್‌ಪ್ಯಾನ್ ತೊಳೆಯುವಾಗ ಆ ಸೂಟ್‌ಕೇಸ್ ನೆನಪಾಗಿ ಕಣ್ಣಲ್ಲಿ ನೀರು ಬರುತ್ತಿತ್ತು ಎನ್ನುವುದೂ ಅಷ್ಟೇ ನಿಜ. ಅವರಿಗೂ ಅದು ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಡಾಕ್ಟರು ವಾಕರ್ ಹಿಡಿದು ನಡೆಯಲೇಬೇಕು ಎಂದರೂ ಅತ್ತೆಯವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. "ಎಲ್ಲಿಗೆ ಹೋಗ್ಬೇಕಾಗಿದೆ ನಾನು ನಡೆದು?" ಎನ್ನುತ್ತಿದ್ದರು.

ತಾಯಿಯನ್ನು ನೋಡಲು ಓಡಿಬಂದ ಮೈದುನನ ಜೊತೆ ಒಂಬತ್ತು ವರ್ಷದ ಮಗಳೂ ಬಂದಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತೇವೆ. ಹೊರಡುವ ಹಿಂದಿನ ದಿನ ಅವಳೇ ಗೊಂಬೆ ಪೆಟ್ಟಿಗೆ ತೆಗೆಸಿ, "ಅಜ್ಜಿ, ನಿನ್ನ ಬದಲು ಇವರನ್ನ ಕಳಿಸು. ನಾನು ಎಲ್ಲಾ ತೋರಿಸ್ತೀನಿ" ಎಂದಳು. ನಾನು ಮಕ್ಕಳಾಟ ಎಂದು ನಕ್ಕೆ. ಅತ್ತೆಯವರು ನಗಲಿಲ್ಲ. "ದಸರಾಕ್ಕೆ ವಾಪಸ್ ಬರ್ಬೇಕು" ಎಂದು ಕೈಮೇಲೆ ಕೈ ಹಾಕಿಸಿಕೊಂಡು ಕೊಟ್ಟರು.

ಗೊಂಬೆ ಪ್ರವಾಸ ಹೋಗುವುದು ಹೊಸದಲ್ಲವಂತೆ ಕಣ್ರೀ. ಜೆಫ್ ಬ್ರೌನ್ ಎಂಬ ಅಮೆರಿಕದ ಲೇಖಕರು 1964ರಲ್ಲಿ ಬರೆದ ಮಕ್ಕಳ ಪುಸ್ತಕದಲ್ಲಿ, ಹಪ್ಪಳದ ಹಾಗೆ ಚಪ್ಪಟೆಯಾದ ಸ್ಟ್ಯಾನ್ಲಿ ಎಂಬ ಹುಡುಗ ಲಕೋಟೆಯಲ್ಲಿ ಕೂತು ಪ್ರಯಾಣ ಮಾಡುತ್ತಾನೆ. ಅದನ್ನು ಹಿಡಿದು ಕೆನಡಾದ ಡೇಲ್ ಹ್ಯೂಬರ್ಟ್ ಎಂಬ ಮೇಷ್ಟ್ರು 1995ರಲ್ಲಿ ಮಕ್ಕಳಿಂದ ಕಾಗದದ ಸ್ಟ್ಯಾನ್ಲಿ ಮಾಡಿಸಿ ಊರೂರಿಗೆ ಅಂಚೆಯಲ್ಲಿ ಕಳಿಸುವ ಪಾಠ ಶುರು ಮಾಡಿದರು. ಗೊಂಬೆ ತಲುಪಿದ ಮನೆಯವರು ಅದಕ್ಕೆ ಊರು ತೋರಿಸಿ, ವಿವರ ಬರೆದು ವಾಪಸ್ ಕಳಿಸಬೇಕು. ಟೋಕಿಯೋದಲ್ಲಂತೂ 2010ರಲ್ಲಿ ಉನಾಗಿ ಟ್ರಾವೆಲ್ ಎಂದು ಬಟ್ಟೆ ಗೊಂಬೆಗಳಿಗಾಗಿಯೇ ಪ್ರವಾಸದ ಕಂಪನಿ ಶುರುವಾಯಿತು. ಕಾಯಿಲೆಯಿಂದ ಮನೆ ಬಿಟ್ಟು ಹೊರಡಲಾಗದವರೂ ದುಡ್ಡು ಕೊಟ್ಟು ತಮ್ಮ ಗೊಂಬೆಯನ್ನು ಕಳಿಸಿ, ಫೋಟೋ ನೋಡಿ ಸಂತೋಷಪಟ್ಟರಂತೆ. ಇದನ್ನು ಹೇಳಿದಾಗ ನಮ್ಮ ಯಜಮಾನರು "ನಮ್ಮ ಶೆಟ್ಟರಿಗೆ ಮೈದುನನ ಮನೆ ಇದೆ, ಖರ್ಚು ಉಳಿಯಿತು" ಎಂದರು.

ಇನ್ನೂ ಹಳೆಯದೊಂದಿದೆ. 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹಕ್ಕಾಗಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗೊಂಬೆಗಳನ್ನು ಜಪಾನಿನ ಶಾಲೆಗಳಿಗೆ ಹಡಗಿನಲ್ಲಿ ಕಳಿಸಿದ್ದರು. ಅವುಗಳಿಗೆ ಪುಟ್ಟ ಪಾಸ್‌ಪೋರ್ಟ್ ಕೂಡ! ಉತ್ತರವಾಗಿ ಜಪಾನಿನಿಂದ 58 ದೊಡ್ಡ ಗೊಂಬೆಗಳು ಹೋದವು. ಮುಂದೆ ಯುದ್ಧ ಬಂದಾಗ ಆ ನೀಲಿ ಕಣ್ಣಿನ ಗೊಂಬೆಗಳನ್ನು ಶತ್ರುಗಳೆಂದು ಸುಟ್ಟರು. ಕೆಲವು ಶಾಲೆಗಳಲ್ಲಿ ಮಾತ್ರ ಮೇಷ್ಟ್ರುಗಳು ಧೈರ್ಯ ಮಾಡಿ ಬಚ್ಚಿಟ್ಟರು. ಹಾಗೆ ಉಳಿದದ್ದು ಕೆಲವೇ ನೂರು. ಪಾಸ್‌ಪೋರ್ಟಿನ ಸಂಗತಿ ಕೇಳಿ ಪುಟ್ಟಿಯೂ ಡ್ರಾಯಿಂಗ್ ಪುಸ್ತಕದ ಹಾಳೆ ಕತ್ತರಿಸಿ ಶೆಟ್ಟರಿಗೊಂದು, ಶೆಟ್ಟಮ್ಮನಿಗೊಂದು ಪಾಸ್‌ಪೋರ್ಟ್ ಮಾಡಿದಳು. ಅದರಲ್ಲಿ ಶೆಟ್ಟಮ್ಮನ ಚಿತ್ರ ನನ್ನ ಫೋಟೋಗಿಂತ ಚೆನ್ನಾಗಿ ಬಂದಿತ್ತು.

ನಾನು ಹಳೆಯ ರೇಷ್ಮೆ ಕುಪ್ಪಸದ ತುಂಡಿನಲ್ಲಿ ಅವರಿಗೆ ಎರಡು ಖಾನೆಯ ಚೀಲ ಹೊಲಿದೆ. ಒಂದೇ ಖಾನೆಯಲ್ಲಿಟ್ಟರೆ ಒಂದಕ್ಕೊಂದು ಉಜ್ಜಿ ಅರಗು ಚಕ್ಕೆ ಏಳುತ್ತದೆ. ನೀವೂ ಮಕ್ಕಳ ಗೊಂಬೆ ಕಳಿಸುವುದಾದರೆ ಹೀಗೇ ಮಾಡಿ. ಒಳಗೊಂದು ವಿಳಾಸದ ಚೀಟಿ ಇಡಿ. ಗೊಂಬೆಗೇ ಒಂದು ದಾರ ಕಟ್ಟಿ ಚೀಲಕ್ಕೆ ಸೇರಿಸಿ. ಈ ಕೊನೆಯದನ್ನು ನಾನು ಮಾಡಿರಲಿಲ್ಲ. ಅದರ ಫಲ ಮುಂದೆ ಹೇಳುತ್ತೇನೆ.

ಮೊದಲು ಬಂದ ಫೋಟೋ ಮಾರ್ಚ್ 3ರದು. ಅವತ್ತು ಅಲ್ಲಿ ಹೆಣ್ಣುಮಕ್ಕಳ ಗೊಂಬೆ ಹಬ್ಬ, ಹಿನಾಮತ್ಸುರಿ. ಪುಟ್ಟಿಯ ಸಹಪಾಠಿಯ ಮನೆಯಲ್ಲಿ ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲು. ಎಲ್ಲಕ್ಕೂ ಮೇಲೆ ಚಕ್ರವರ್ತಿ ಮತ್ತು ಮಹಾರಾಣಿ, ಕೆಳಗೆ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯದವರು. ಅತ್ತೆಯವರು ಕನ್ನಡಕ ಹಾಕಿಕೊಂಡು ಎದ್ದು ಕೂತರು. "ನಮ್ಮ ಪಟ್ಟದ ಗೊಂಬೆ ಹಾಗೇ ಅಲ್ವೇ! ಮೆಟ್ಟಿಲೂ ಬೆಸ ಸಂಖ್ಯೆ!" ಆ ಮನೆಯ ಅಜ್ಜಿ ನಮ್ಮ ಶೆಟ್ಟರು-ಶೆಟ್ಟಮ್ಮನನ್ನು ಕೆಳಗಿನ ಮೆಟ್ಟಿಲಲ್ಲೇ ಕೂರಿಸಿದ್ದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಬೇಗ ಎತ್ತಿಡದಿದ್ದರೆ ಮನೆಯ ಹುಡುಗಿಗೆ ಮದುವೆ ತಡವಾಗುತ್ತದೆ ಎಂದು ಅಲ್ಲಿಯ ಹಿರಿಯರ ನಂಬಿಕೆಯಂತೆ. ಸೋಮಾರಿ ಹೆಣ್ಣುಮಕ್ಕಳನ್ನು ಹೆದರಿಸಲು ಯಾರೋ ಅತ್ತೆ ಹುಟ್ಟಿಸಿದ ಮಾತಿರಬೇಕು ಎಂದು ನನ್ನ ಅನುಮಾನ. ಗಟ್ಟಿಯಾಗಿ ಹೇಳಲಿಲ್ಲ.

ಅಲ್ಲಿಂದ ದಿನಾ ಸಂಜೆ ಫೋಟೋ. ಅಸಕುಸಾದ ಸೆನ್ಸೋಜಿ ದೇವಾಲಯದ ಬಾಗಿಲಲ್ಲಿ ತೂಗುವ ಕೆಂಪು ಲಾಟೀನಿನ ಕೆಳಗೆ ಇಬ್ಬರೂ. ಆ ಲಾಟೀನು ಏಳುನೂರು ಕಿಲೋ ತೂಕ, ಆಳೆತ್ತರದ ಎರಡರಷ್ಟು. ನಮ್ಮವರು ಎರಡು ಕಡಲೆಕಾಯಿ ಬಿದ್ದ ಹಾಗೆ ಕಾಣುತ್ತಿದ್ದರು. ಉಎನೋ ಕೆರೆಯ ನಡುವಿನ ಗುಡಿಯಲ್ಲಿ ಬೆಂಜೈತೆನ್ ದೇವಿ. ಹೆಸರು ಬೇರೆಯಾದರೂ ಆಕೆ ನಮ್ಮ ಸರಸ್ವತಿಯೇ. ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಅವಳದ್ದು. ಅದನ್ನು ನೋಡಿ ಅತ್ತೆಯವರು ಫೋನಿಗೇ ಕೈ ಮುಗಿದರು. ಕಾಮಾಕುರದ ಕಂಚಿನ ಬುದ್ಧನ ಹತ್ತಿರ ಮಾತ್ರ ಪುಟ್ಟಿಗೆ ಬೈಗುಳ. ಪೀಠ ಸೇರಿ ಹದಿಮೂರು ಮೀಟರಿಗೂ ಎತ್ತರದ, ಏಳುನೂರು ವರ್ಷಕ್ಕೂ ಹಳೆಯದಾದ ಆ ಬುದ್ಧ ಹಿಂದೆ, ಶೆಟ್ಟರು ಕ್ಯಾಮೆರಾಗೆ ಹತ್ತಿರ. ಹಾಗಾಗಿ ಶೆಟ್ಟರೇ ಬುದ್ಧನಿಗಿಂತ ದೊಡ್ಡದಾಗಿ ಬಿದ್ದಿದ್ದರು. "ದೇವರ ಮುಂದೆ ಅಹಂಕಾರ ಬೇಡ ಅಂತ ಹೇಳು ಆ ಶೆಟ್ಟರಿಗೆ" ಎಂದರು ಅತ್ತೆಯವರು.

ಪ್ರತಿ ಫೋಟೋದ ಜೊತೆ ಪುಟ್ಟಿಯ ಪ್ರಶ್ನೆ ಇರುತ್ತಿತ್ತು: "ಅಜ್ಜಿ, ಇವತ್ತು ಇವರು ಇಷ್ಟು ನಡೆದರು. ನೀನೆಷ್ಟು?" ಮೊದಲ ವಾರ ಅತ್ತೆಯವರು ಸುಳ್ಳು ಹೇಳಿದರು. ಮಗುವಿಗೆ ಎಷ್ಟು ದಿನ ಸುಳ್ಳು ಹೇಳುವುದು? ಒಂದು ಬೆಳಿಗ್ಗೆ ತಾವೇ "ವಾಕರ್ ಕೊಡು" ಎಂದರು. ಅವತ್ತು ಆರು ಹೆಜ್ಜೆ. ತಿಂಗಳಲ್ಲಿ ಜಗಲಿಯವರೆಗೆ.

ಮೇ ತಿಂಗಳ ರಜೆಯಲ್ಲಿ ಅವರೆಲ್ಲ ಶಿಂಕಾನ್‌ಸೆನ್ ಹತ್ತಿ ಉತ್ತರದ ನಾರುಕೋಗೆ ಹೋದರು. ಬಿಸಿನೀರಿನ ಬುಗ್ಗೆಗಳ ಊರು, ಕೊಕೆಶಿ ಗೊಂಬೆಗಳಿಗೂ ಹೆಸರುವಾಸಿ. ಮರವನ್ನು ತಿರುಗಿಸಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಗೆರೆ ಹಾಕುತ್ತಾರೆ. ಕೈಕಾಲಿಲ್ಲದ, ದುಂಡು ತಲೆಯ ಗೊಂಬೆ. ನಾರುಕೋ ಗೊಂಬೆಯ ತಲೆ ತಿರುಗಿಸಿದರೆ ಕೀಯ್ ಕೀಯ್ ಎನ್ನುತ್ತದೆ. ನಮ್ಮ ಚನ್ನಪಟ್ಟಣದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗು ಕೆಲಸದ ವಿಧಾನವನ್ನು ತಂದು ಕಲಿಸಿದರೆಂದು ಹೇಳುತ್ತಾರೆ. ಹಾಗೆ ನೋಡಿದರೆ ಶೆಟ್ಟಮ್ಮನಿಗೆ ಅದು ದೂರದ ತವರೇ. ತವರಿಗೆ ಹೋದವಳು ಹಾಗೇ ಉಳಿದುಬಿಟ್ಟಳು! ಹಿಂದಿರುಗುವ ಸಣ್ಣ ರೈಲಿನಲ್ಲಿ ಬೆಟ್ಟ ತೋರಿಸಲೆಂದು ಪುಟ್ಟಿ ಇಬ್ಬರನ್ನೂ ಕಿಟಕಿಯ ಅಂಚಿನಲ್ಲಿ ಇಟ್ಟಿದ್ದಾಳೆ. ಇಳಿಯುವ ಗಡಿಬಿಡಿಯಲ್ಲಿ ಕೈಗೆ ಬಂದದ್ದು ಶೆಟ್ಟರು ಮಾತ್ರ.

ರಾತ್ರಿ ಓರಗಿತ್ತಿ ಫೋನ್ ಮಾಡಿ, "ಅಕ್ಕಾ, ಅಮ್ಮನಿಗೆ ಹೇಳ್ಬೇಡಿ, ಪುಟ್ಟಿ ಊಟ ಬಿಟ್ಟಿದ್ದಾಳೆ" ಎಂದು ಅತ್ತಳು. ನಾನು ಹೇಳಲಿಲ್ಲ. ಹಳೆಯ ಫೋಟೋಗಳನ್ನೇ ಹೊಸದೆಂದು ಮೂರು ದಿನ ತೋರಿಸಿದೆ. ಅತ್ತೆಯವರು ಸುಮ್ಮನೆ ನೋಡಿ ಫೋನ್ ವಾಪಸ್ ಕೊಡುತ್ತಿದ್ದರು. ಆಮೇಲೆ ಓರಗಿತ್ತಿಯಿಂದ ಇನ್ನೊಂದು ಕರೆ: ಕಳೆದ ವಸ್ತುಗಳ ಕಚೇರಿಯ ಅರ್ಜಿಯಲ್ಲಿ ವಿಶೇಷ ಗುರುತು ಬರೆಯಬೇಕು, ಏನೆಂದು ಬರೆಯೋಣ? ಆ ದೇಶದಲ್ಲಿ ಬಿದ್ದದ್ದನ್ನು ಎತ್ತಿ ಒಪ್ಪಿಸುವುದು ಎಷ್ಟು ರೂಢಿ ಎಂದರೆ ಟೋಕಿಯೋ ಪೊಲೀಸರ ಹತ್ತಿರವೇ ವರ್ಷಕ್ಕೆ ನಲವತ್ತು ಲಕ್ಷದಷ್ಟು ವಸ್ತುಗಳು ಬರುತ್ತವೆ. ಮೂರು ತಿಂಗಳು ಕಾದಿಡಬೇಕೆಂದು ಕಾನೂನೂ ಇದೆ. ಅಷ್ಟರ ನಡುವೆ ಎರಡು ಅಂಗುಲದ ಶೆಟ್ಟಮ್ಮ. ಗುರುತು ಗೊತ್ತಿದ್ದವರು ಒಬ್ಬರೇ.

ಅವರ ಕಾಲ ಹತ್ತಿರ ಕೂತು ಎಲ್ಲಾ ಹೇಳಿದೆ. ಅತ್ತೆಯವರು, "ಗೊತ್ತಿತ್ತು ಕಣೆ. ಮೂರು ದಿನದಿಂದ ಅದೇ ಚೆರ್ರಿ ಹೂವು. ಮೇ ತಿಂಗಳಲ್ಲಿ ಎಲ್ಲಿರತ್ತೆ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ತಲೆ ಹಿಂದೆ ಎರಡು ಹಲ್ಲಿನ ಗುರುತಿದೆ. ನಿನ್ನ ಗಂಡಂದು. ಹಲ್ಲು ಬರೋವಾಗ ಅದನ್ನೇ ಕಚ್ತಿದ್ದ" ಎಂದರು. ಐವತ್ತರ ನಮ್ಮ ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಆಮೇಲೆ ಅತ್ತೆಯವರು ನನ್ನ ತಲೆ ಮೇಲೆ ಕೈ ಇಟ್ಟು, "ನಿನ್ನ ಪ್ರಯಾಣಾನೂ ನನ್ನಿಂದ ಹಾಳಾಯ್ತು" ಎಂದರು. ಜನವರಿಯಿಂದ ನಮ್ಮಿಬ್ಬರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ನಾನು ಏನೋ ಒಗ್ಗರಣೆ ಸೀಯುತ್ತಿದೆ ಎಂದು ಒಳಗೆ ಎದ್ದು ಹೋದೆ. ಒಲೆ ಮೇಲೆ ಏನೂ ಇರಲಿಲ್ಲ.

ಪುಟ್ಟಿ ತನ್ನ ಕೈಯಿಂದಲೇ ಜಪಾನಿ ಭಾಷೆಯಲ್ಲಿ ಬರೆದಳು: ಮರದ ಹೆಂಗಸು, ಹಳದಿ ಸೀರೆ, ತಲೆ ಹಿಂದೆ ದೊಡ್ಡಪ್ಪನ ಎರಡು ಹಲ್ಲು. ಹನ್ನೊಂದನೇ ದಿನ ಫೋನ್ ಬಂತು. ಶೆಟ್ಟಮ್ಮ ಒಂದು ಪ್ಲಾಸ್ಟಿಕ್ ಚೀಲದೊಳಗೆ, ನಂಬರಿನ ಚೀಟಿ ಕಟ್ಟಿಸಿಕೊಂಡು ಕೂತಿದ್ದಳಂತೆ. ದಾರ ಕಟ್ಟಬೇಕಾಗಿದ್ದದ್ದು ನಾನು, ಕಟ್ಟಿದ್ದು ಅವರು!

2024ರ ದಸರಾ ಅಕ್ಟೋಬರ್ 3ಕ್ಕೆ ಶುರುವಾಯಿತು. ಹಿಂದಿನ ವಾರವೇ ಮೈದುನ ಬಂದು ಚೀಲ ಒಪ್ಪಿಸಿದ. ಅದರಲ್ಲಿ ಮೂವರಿದ್ದರು. ಮೂರನೆಯವಳು ನಾರುಕೋ ಕೊಕೆಶಿ. ಅತ್ತೆಯವರು ಕೋಲು ಊರಿಕೊಂಡು ಬಂದು ಮಣೆಯ ಬದಲು ಕುರ್ಚಿಯಲ್ಲಿ ಕೂತು ಮೆಟ್ಟಿಲು ಜೋಡಿಸಿಸಿದರು. ಆ ಹೊಸಬಳನ್ನು ಎಲ್ಲಿಡುವುದೆಂದು ನಾನು ಕೇಳಿದೆ.

"ಅಂಗಡಿ ಮುಂದೆ ಇಡು. ಸಾಮಾನು ತಗೊಳ್ಳೋಕೆ ಬಂದಿದ್ದಾಳೆ. ಎದುರಿಗೆ ಒಂದಿಷ್ಟು ಅಕ್ಕಿ ಹಾಕು, ಅವರ ಊರಲ್ಲೂ ಅನ್ನಾನೇ ಊಟ" ಎಂದರು.

ಸೂಟ್‌ಕೇಸ್ ಇನ್ನೂ ಅಟ್ಟದ ಮೇಲಿದೆ. ಪಾಸ್‌ಪೋರ್ಟಿಗೆ ಹತ್ತು ವರ್ಷ ಅವಧಿ ಇದೆಯಂತೆ. ಮುಂದಿನ ಸಂಚಿಕೆಯಲ್ಲಿ ಹುರಿಹಿಟ್ಟಿನ ಬಗ್ಗೆ ಬರೆಯುತ್ತೇನೆ.