ಹಳೆಯ ಇನ್ನೋವಾ ಕೊಳ್ಳಬೇಕೆ?



ಕಳೆದ ಒಂದೂವರೆ ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಒಂದೇ ವಿಷಯ ಚರ್ಚೆಗೆ ಬರುತ್ತಿದೆ. ಏಳು ಜನ ಕೂರಬಹುದಾದ ಹಳೆಯ ಗಾಡಿಯೊಂದನ್ನು ಕೊಳ್ಳುವುದೋ ಬೇಡವೋ ಎಂಬುದೇ ಆ ವಿಷಯ. ದೂರವಾಣಿಯಲ್ಲಿ ಕೇಳಿದ ಒಬ್ಬೊಬ್ಬರಿಗೂ ನಾನು ಒಂದೊಂದು ಉತ್ತರ ಕೊಡುತ್ತಿದ್ದೇನೆಂದು ಮಗಳು ಆಕ್ಷೇಪಿಸಿದಳು. ಆಕ್ಷೇಪಣೆ ನ್ಯಾಯವಾದುದೇ. ಆದ್ದರಿಂದ ನನ್ನ ಅಭಿಪ್ರಾಯವನ್ನು ಕಾರಣಸಹಿತವಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಗೊಂದಲದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಪ್ರಸ್ತಾಪಕ್ಕೆ ಬಂದ ಗಾಡಿ 2013ರ ಇನ್ನೋವಾ. ಡೀಸೆಲ್ ಎಂಜಿನ್, ಬಿಳಿಯ ಬಣ್ಣ, ದೇವನಹಳ್ಳಿಯ ಕೆಎ-43 ನೋಂದಣಿ. ಹೇಳಿದ ಬೆಲೆ ಆರು ಲಕ್ಷ. ದಿನನಿತ್ಯದ ಓಡಾಟಕ್ಕೆ ನಮ್ಮಲ್ಲಿ ಚಿಕ್ಕ ಕಾರೊಂದಿದೆ. ನಾವಿಬ್ಬರೇ ಇರುವ ಮನೆಗೆ ಅದು ಸಾಕು. ಆದರೆ ದಸರೆಗೋ ಬೇಸಿಗೆ ರಜೆಗೋ ಮಕ್ಕಳು ಮೊಮ್ಮಕ್ಕಳು ಬಂದಾಗ, ಅಣ್ಣ ಅತ್ತಿಗೆಯರನ್ನು ಜೊತೆಗೆ ಕರೆದುಕೊಂಡು ಹೊರಡಬೇಕೆಂದಾಗ, ಅದು ಸಾಲದು. ಅಂಥ ದಿನಗಳಿಗಾಗಿಯೇ ಈ ದೊಡ್ಡ ಗಾಡಿಯ ಯೋಚನೆ ಹುಟ್ಟಿತು.

ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗಬೇಕೆಂಬ ಆಸೆ ಹೊಸದಲ್ಲ. ನನ್ನ ಬಾಲ್ಯದಲ್ಲಿ ಪುಷ್ಯಮಾಸದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಾವು ಹೋಗುತ್ತಿದ್ದುದು ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ. ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಅಜ್ಜಿ, ಅವ್ವ, ನಾವು ಐವರು ಮಕ್ಕಳು, ಬುತ್ತಿಯ ಗಂಟು. ಗಂಡಸರು ನಡೆದು ಬರುತ್ತಿದ್ದರು. ಆಮೇಲೆ ಮಟಡೋರ್ ಬಂತು, ಟ್ರ್ಯಾಕ್ಸ್ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೇಂದ್ರಕ್ಕೆ ಹಳ್ಳಿಗಳ ಮಕ್ಕಳನ್ನು ಒಂದೇ ಮಾರುತಿ ವ್ಯಾನಿನಲ್ಲಿ ಹನ್ನೊಂದು ಜನರಂತೆ ತುಂಬಿಕೊಂಡು ಹೋದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅದು ತಪ್ಪು ಕೆಲಸ. ಇಂದು ಯಾರಾದರೂ ಮಾಡಿದರೆ ನಾನೇ ಬೈಯುತ್ತೇನೆ. 2000ದ ಆರಂಭದಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದಾಗ, ಬಿಡದಿಯೂ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೇ ಇತ್ತು. ರಾಮನಗರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಸ್ಟಾಫ್ ರೂಮಿನಲ್ಲಿ ನಾವು ಅದನ್ನು ‘ನಮ್ಮ ಜಿಲ್ಲೆಯ ಗಾಡಿ’ ಎಂದು ಹೆಮ್ಮೆಯಿಂದ ಮಾತನಾಡಿಕೊಳ್ಳುತ್ತಿದ್ದೆವು, ಕೊಳ್ಳುವ ಶಕ್ತಿ ನಮ್ಮಲ್ಲಿ ಒಬ್ಬರಿಗೂ ಇಲ್ಲದಿದ್ದರೂ. 2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು. ಅಂದಿನಿಂದ ಮದುವೆ, ತಿರುಪತಿ, ಧರ್ಮಸ್ಥಳ, ಆಸ್ಪತ್ರೆ ಯಾವುದಿದ್ದರೂ ನಮ್ಮ ಕಡೆಯ ಜನರ ಬಾಯಲ್ಲಿ ಬರುವ ಹೆಸರು ಅದೇ.

ಗಣಿತದ ಮೇಷ್ಟ್ರಾದ ನಾನು ಮೊದಲು ಮಾಡಿದ ಕೆಲಸವೆಂದರೆ ಹಿಂದಿನ ವರ್ಷದ ದಿನಚರಿಯನ್ನು ತೆಗೆದು, ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಪ್ರಯಾಣ ಮಾಡಿದ ದಿನಗಳನ್ನು ಎಣಿಸಿದ್ದು. ಹನ್ನೊಂದು ದಿನ ಬಂತು. ನಮ್ಮೂರಿನಲ್ಲಿ ಬಾಡಿಗೆ ಇನ್ನೋವಾಕ್ಕೆ ಕಿಲೋಮೀಟರಿಗೆ 20 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ, ಚಾಲಕನ ಭತ್ಯೆ 500. ಒಟ್ಟು ದಿನವೊಂದಕ್ಕೆ 6,500. ಹನ್ನೊಂದು ದಿನಕ್ಕೆ 71,500.

ಇನ್ನು ಸ್ವಂತ ಗಾಡಿ. ಆರು ಲಕ್ಷಕ್ಕೆ ಕೊಂಡು ಐದು ವರ್ಷ ಬಿಟ್ಟು ಮಾರಿದರೆ ಎರಡೂವರೆ ಲಕ್ಷ ಬಂದರೆ ಪುಣ್ಯ. ಏಕೆಂದರೆ 2028ಕ್ಕೆ ಅದರ ನೋಂದಣಿಯ 15 ವರ್ಷ ಮುಗಿಯುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅಲ್ಲಿಗೆ ವರ್ಷಕ್ಕೆ 70,000 ಸವಕಳಿ. ಅದೇ ಆರು ಲಕ್ಷ ಬ್ಯಾಂಕಿನಲ್ಲಿದ್ದರೆ ಶೇಕಡಾ ಏಳರಂತೆ ಬರುತ್ತಿದ್ದ ಬಡ್ಡಿ 42,000. ವಿಮೆ ಸುಮಾರು 18,000. ಟೈರು, ಬ್ರೇಕು, ಎಣ್ಣೆ, ರಿಪೇರಿಗಳಿಗೆ 40,000. ಒಟ್ಟು 1,70,000. ಗಾಡಿ ಗೇಟಿನಿಂದ ಆಚೆ ಹೋಗದಿದ್ದರೂ ಈ ಖರ್ಚು ಇದ್ದೇ ಇರುತ್ತದೆ. ಹೋದ ದಿನ, ಲೀಟರಿಗೆ 12 ಕಿ.ಮೀ. ಹಿಡಿದರೆ 300 ಕಿ.ಮೀ.ಗೆ 25 ಲೀಟರ್, ಅಂದರೆ ಸುಮಾರು 2,250 ರೂಪಾಯಿಯ ಡೀಸೆಲ್. ಬಾಡಿಗೆಯ 6,500ರಲ್ಲಿ ಅದನ್ನು ಕಳೆದರೆ ಸ್ವಂತ ಗಾಡಿಯಿಂದ ದಿನಕ್ಕೆ ಉಳಿಯುವುದು 4,250. ಒಂದು ಲಕ್ಷ ಎಪ್ಪತ್ತು ಸಾವಿರವನ್ನು ಅದರಿಂದ ಭಾಗಿಸಿ ನೋಡಿ: ಸರಿಯಾಗಿ ನಲವತ್ತು. ವರ್ಷಕ್ಕೆ ನಲವತ್ತು ದಿನ ಅಷ್ಟು ದೂರ ಓಡಿಸಿದರೆ ಮಾತ್ರ ಕೊಂಡದ್ದು ಲಾಭ. ಅಷ್ಟು ದೂರ ಓಡಿಸುವವರು ಯಾರು? ಐವತ್ತೈದು ದಾಟಿದವರಿಗೆ ಚಾಲನಾ ಪರವಾನಗಿಯನ್ನು ಐದೈದು ವರ್ಷಕ್ಕೆ ಮಾತ್ರ ನವೀಕರಿಸಿಕೊಡುತ್ತಾರೆ. ನನಗೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕತ್ತಲಲ್ಲಿ ಓಡಿಸುವ ಧೈರ್ಯವಿಲ್ಲ. ದಿನಕ್ಕೆ ಸಾವಿರ ಕೊಟ್ಟು ಚಾಲಕನನ್ನು ಕರೆದರೆ ನಲವತ್ತು ಹೋಗಿ ಐವತ್ತೆರಡಾಗುತ್ತದೆ, ವಾರಕ್ಕೊಂದು ದಿನದಂತೆ.

ಈ ಲೆಕ್ಕ ಕೈಯಲ್ಲಿದ್ದರೂ ಗಾಡಿಯನ್ನು ನೋಡಲು ಹೋದೆ. ಆಸೆ ಎಂಬುದು ಲೆಕ್ಕಕ್ಕೆ ಬಗ್ಗುವುದಿಲ್ಲ. ಜೊತೆಗೆ ಬಾಶೆಟ್ಟಿಹಳ್ಳಿಯ ಬಳಿ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗಿದ್ದೆ. ಗಣಿತದಲ್ಲಿ ಆತ ತೆಗೆದದ್ದು ಮೂವತ್ತೈದು, ಅದೂ ನನ್ನ ಕೃಪೆಯಿಂದ ಎಂದು ಆತನೇ ಹೇಳಿಕೊಳ್ಳುತ್ತಾನೆ. ಮೀಟರಿನಲ್ಲಿ 94,000 ಕಿ.ಮೀ. ತೋರಿಸುತ್ತಿತ್ತು. ನನಗೆ ಬಹಳ ಸಂತೋಷವಾಯಿತು. ಆತ ಮೀಟರನ್ನು ನೋಡಲೇ ಇಲ್ಲ. ಕ್ಲಚ್ಚಿನ ಪೆಡಲ್ಲಿನ ರಬ್ಬರು ನುಣುಪಾಗಿದ್ದುದನ್ನು, ಸ್ಟಿಯರಿಂಗಿನ ಚರ್ಮ ಹೊಳೆಯುತ್ತಿದ್ದುದನ್ನು, ಚಾಲಕನ ಆಸನ ಒಂದು ಕಡೆಗೆ ಕುಸಿದಿದ್ದುದನ್ನು ತೋರಿಸಿದ. ಕಿಟಕಿಯ ಗಾಜುಗಳ ಮೂಲೆಯಲ್ಲಿ ಅಚ್ಚಾಗಿರುವ ತಯಾರಿಕೆಯ ಗುರುತುಗಳನ್ನು ಒಂದೊಂದಾಗಿ ಓದಿ, ಎಡಗಡೆಯ ಹಿಂದಿನ ಗಾಜು ಮಾತ್ರ ಆಮೇಲಿನದು ಎಂದ; ಅಂದರೆ ಆ ಕಡೆ ಏನೋ ಬಡಿದಿತ್ತು. ನೋಂದಣಿ ಸಂಖ್ಯೆಯನ್ನು ಹೇಳಿ ಕಂಪನಿಯ ಸರ್ವೀಸಿನ ಹಳೆಯ ದಾಖಲೆಯನ್ನು ಕೇಳಿದಾಗ, 2019ರಲ್ಲಿಯೇ ಗಾಡಿ 1,87,000 ಕಿ.ಮೀ. ಓಡಿತ್ತೆಂದು ತಿಳಿಯಿತು. ಹಳದಿ ಫಲಕದ ಬಾಡಿಗೆ ಗಾಡಿಯಾಗಿ ದುಡಿದು ಆಮೇಲೆ ಬಿಳಿ ಫಲಕಕ್ಕೆ ಬಂದದ್ದು ಅದು. ‘ಸಾರ್, ಇಷ್ಟು ಓಡಿದ್ದು ತಪ್ಪಲ್ಲ, ಈ ಎಂಜಿನ್ನು ಇನ್ನೂ ಓಡುತ್ತದೆ. ಆದರೆ ನಿಗದಿತ ದೂರಕ್ಕೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸಬೇಕು. ಎಷ್ಟು ಓಡಿದೆಯೆಂಬುದೇ ಸುಳ್ಳಾದರೆ ಬೆಲ್ಟನ್ನು ಯಾವಾಗ ಬದಲಿಸುತ್ತೀರಿ? ಅದು ದಾರಿಯಲ್ಲಿ ಹರಿದರೆ ಎಂಜಿನ್ನೇ ಹೋಯಿತು’ ಎಂದ. ಆ ಮೂವತ್ತೈದು ಅಂಕಗಳ ಬಗ್ಗೆ ನಾನು ಮರುಮೌಲ್ಯಮಾಪನ ಮಾಡಬೇಕಾಗಿದೆ. ಮಾರುವವರು ತಮಗೆ ಇದೊಂದೂ ತಿಳಿಯದೆಂದರು. ಇರಬಹುದು, ಅವರೂ ಇನ್ನೊಬ್ಬರಿಂದ ಕೊಂಡವರೇ.

ಆ ಗಾಡಿಯನ್ನು ಬಿಟ್ಟೆವು. ಚರ್ಚೆ ಮುಗಿಯಿತೆಂದು ನಾನು ನೆಮ್ಮದಿಯಿಂದಿದ್ದೆ. ಆದರೆ ನನ್ನ ಶ್ರೀಮತಿಯವರು, ‘ಒಂದು ಗಾಡಿ ಕೆಟ್ಟದಾದರೆ ಗಾಡಿಯೇ ಬೇಡವೆಂದು ಹೇಗಾಗುತ್ತದೆ?’ ಎಂದರು. ತರ್ಕ ಸರಿಯಾಗಿಯೇ ಇತ್ತು. ಆಮೇಲೆ ಅವರು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿದ್ದ ಒಂದು ಪಟ್ಟಿಯನ್ನು ನನ್ನ ಮುಂದಿಟ್ಟರು. ‘ನೀವು ಹೋದ ದಿನಗಳನ್ನು ಎಣಿಸಿದಿರಿ. ಇವು ಹೋಗದೆ ಉಳಿದವು’ ಎಂದರು.

ಒಂಬತ್ತು ಸಾಲುಗಳಿದ್ದವು. ಶಿವಗಂಗೆ, ತುಮಕೂರಿನ ನಾಮಕರಣ, ಅತ್ತಿಗೆಯವರ ತವರಿನ ಜಾತ್ರೆ, ಹೀಗೆ. ಮೊದಲನೆಯ ಸಾಲಿನಲ್ಲಿ ‘ಅಕ್ಕ’ ಎಂದಷ್ಟೇ ಇತ್ತು.

ಬಂಧುಗಳಿಗೆ ವಿಷಯ ಗೊತ್ತು. ಹೊಸಕೋಟೆಯ ಬಳಿ ಮಗನ ಮನೆಯಲ್ಲಿದ್ದ ನಮ್ಮ ದೊಡ್ಡಕ್ಕ 2022ರ ಇಡೀ ವರ್ಷ ಒಂದೇ ಮಾತನ್ನು ಹೇಳುತ್ತಿದ್ದರು: ನಮ್ಮೂರಿನ ಹಳೆಯ ಮನೆಯನ್ನು ಒಂದು ಸಲ ನೋಡಬೇಕು, ಬಾವಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಸೊಂಟದ ಮೂಳೆ ಮುರಿದು ಸೇರಿದ ಮೇಲೆ ಅವರು ಬಸ್ಸು ಹತ್ತುವಂತಿರಲಿಲ್ಲ. ಚಿಕ್ಕ ಕಾರಿನಲ್ಲಿ ಕಾಲು ಚಾಚಲು ಆಗುತ್ತಿರಲಿಲ್ಲ. ನೋಡಿಕೊಳ್ಳಲು ಸೊಸೆಯೂ ಜೊತೆಗೆ ಬರಬೇಕಿತ್ತು. ಹೊಸಕೋಟೆಯಿಂದ ನಮ್ಮೂರಿಗೆ ಹೆಚ್ಚೆಂದರೆ ಐವತ್ತು ಕಿಲೋಮೀಟರು. ದೊಡ್ಡ ಗಾಡಿ ಸಿಕ್ಕಾಗ ಹೋಗೋಣ, ಮಳೆ ಕಳೆಯಲಿ, ರಜೆ ಬರಲಿ ಎನ್ನುತ್ತಾ ನಾನು ದಿನ ದೂಡಿದೆ. 2024ರ ಸಂಕ್ರಾಂತಿಗೆ ಎರಡು ದಿನ ಮೊದಲು ಅಕ್ಕ ತೀರಿಕೊಂಡರು.

‘ಬಾಗಿಲಲ್ಲಿ ಗಾಡಿಯಿದ್ದಿದ್ದರೆ ಕರೆದುಕೊಂಡು ಬರುತ್ತಿದ್ದಿರಿ’ ಎಂದು ಶ್ರೀಮತಿಯವರು ಹೇಳಿದಾಗ ನಾನು ಉತ್ತರಿಸಲಿಲ್ಲ. ಎರಡು ದಿನ ಯೋಚಿಸಿದೆ. ಆಮೇಲೆ ನನಗೆ ತಿಳಿದದ್ದನ್ನು ಅವರಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಅಂದು ಗಾಡಿಗೆ ಕೊರತೆ ಇರಲಿಲ್ಲ. ಫೋನು ಮಾಡಿದ್ದರೆ ಅರ್ಧ ಗಂಟೆಯಲ್ಲಿ ಬಾಡಿಗೆ ಇನ್ನೋವಾ ಬಂದು ನಿಲ್ಲುತ್ತಿತ್ತು. ನಾನು ಒಮ್ಮೆ ವಿಚಾರಿಸಿಯೂ ಇದ್ದೆ. ಐದೂವರೆ ಸಾವಿರ ಎಂದರು. ನೂರು ಕಿಲೋಮೀಟರು ಹೋಗಿ ಬರುವುದಕ್ಕೆ ಮುನ್ನೂರರ ಬಾಡಿಗೆ ಕೊಡುವುದೇ ಎಂದು ಫೋನಿಟ್ಟವನು ನಾನೇ. ನಿವೃತ್ತಿ ವೇತನದಲ್ಲಿ ಐದೂವರೆ ಸಾವಿರಕ್ಕೆ ತೊಂದರೆ ಇರಲಿಲ್ಲ. ಮನಸ್ಸು ಬರಲಿಲ್ಲ, ಅಷ್ಟೆ.

ನನ್ನ ಅಭಿಪ್ರಾಯ ನಿಂತಿರುವುದು ಇಲ್ಲಿಯೇ. ಬಾಡಿಗೆಯ ಹಣ ನಮ್ಮ ಕಣ್ಣೆದುರಿಗೆ, ಒಂದೇ ಗಳಿಗೆಯಲ್ಲಿ, ಕೈಯಿಂದ ಹೋಗುತ್ತದೆ. ಆದ್ದರಿಂದ ದಂಡವೆಂದು ತೋರುತ್ತದೆ. ಸ್ವಂತ ಗಾಡಿಯ ಸವಕಳಿ ಶೆಡ್ಡಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ; ಆದ್ದರಿಂದ ಆಸ್ತಿಯೆಂದು ತೋರುತ್ತದೆ. ಬಾಗಿಲಲ್ಲಿ ಗಾಡಿಯಿದ್ದರೆ ಪ್ರಯಾಣ ಬಿಟ್ಟಿ ಎನಿಸಿ ಜನ ಹೊರಡುತ್ತಾರೆಂಬ ಶ್ರೀಮತಿಯವರ ಮಾತು ನಿಜ. ಆದರೆ ನನ್ನ ಜಿಪುಣತನಕ್ಕೆ ಔಷಧವಾಗಿ ವರ್ಷಕ್ಕೆ ಒಂದು ಲಕ್ಷ ಎಪ್ಪತ್ತು ಸಾವಿರ ಸುರಿಯುವುದು ದುಬಾರಿ ಚಿಕಿತ್ಸೆ. ಅವರ ಒಂಬತ್ತನ್ನೂ ನನ್ನ ಹನ್ನೊಂದನ್ನೂ ಕೂಡಿದರೆ ಇಪ್ಪತ್ತು, ಬಾಡಿಗೆ 1,30,000. ಇಪ್ಪತ್ತೂ ದಿನ ಹೋಗಿ ಬಂದರೂ ನಲವತ್ತು ಸಾವಿರ ಉಳಿಯುತ್ತದೆ, ಡೀಸೆಲ್ ಖರ್ಚೂ ಅದರಲ್ಲಿಯೇ ಸೇರಿ. ಹಾಗಾಗಿ ನಮ್ಮಂಥ ಇಬ್ಬರ ಮನೆಗೆ ಏಳು ಆಸನದ ಹಳೆಯ ಗಾಡಿ ಬೇಡ. ಬಾಡಿಗೆಗೆಂದೇ ಹಣವನ್ನು ಮೊದಲೇ ಎತ್ತಿಟ್ಟು, ಅದನ್ನು ಖರ್ಚು ಮಾಡಲೇಬೇಕೆಂಬ ನಿಯಮವಿರಲಿ.

ಇದು ಎಲ್ಲರಿಗೂ ಅನ್ವಯಿಸುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಎಂಟು ಜನ. ವಾರಕ್ಕೆ ಮೂರು ದಿನ ಸೀರೆಯ ಗಂಟುಗಳೊಂದಿಗೆ ಬೆಂಗಳೂರಿಗೆ ಓಡಾಟ. ಆತ ಕೇಳಿದಾಗ ಕೊಳ್ಳು ಎಂದೇ ಹೇಳಿದೆ. ಆದರೆ ಅಗ್ಗವೆಂದು ಈಕೋ ಕೊಳ್ಳುವುದಾದರೆ, 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗಿಲ್ಲದ ಈಕೋಗೆ ಸೊನ್ನೆ ನಕ್ಷತ್ರ ಬಂದಿತ್ತೆಂಬುದನ್ನು ಮರೆಯಬೇಡ, 2021ರಲ್ಲಿ ರೆನೋ ಟ್ರೈಬರಿಗೆ ವಯಸ್ಕರ ಸುರಕ್ಷತೆಯಲ್ಲಿ ನಾಲ್ಕು ಬಂದಿತ್ತು ಎಂದೂ ಹೇಳಿದೆ. ಕೊನೆಯ ಸಾಲಿನಲ್ಲಿ ನಾವು ಕೂರಿಸುವುದು ಮಕ್ಕಳನ್ನು. ಹಿಂದಿನ ಬಾಗಿಲಿಗೂ ಅವರ ಬೆನ್ನಿಗೂ ಒಂದು ಗೇಣು ಅಂತರ.

ಕೊಳ್ಳುವವರಿಗೂ ಮಾರುವವರಿಗೂ ಇನ್ನೊಂದು ಮಾತು. ಹಣ ಕೊಟ್ಟು ಕೀಲಿಕೈ ಪಡೆದರೆ ವ್ಯವಹಾರ ಮುಗಿಯಿತೆಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ನಮೂನೆ 29 ಮತ್ತು 30ನ್ನು ತುಂಬಿ ಸಾರಿಗೆ ಕಚೇರಿಗೆ ಕೊಟ್ಟು ಹೆಸರು ಬದಲಾಗುವವರೆಗೂ ಗಾಡಿ ಹಳೆಯ ಮಾಲೀಕರದೇ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳಲ್ಲಿ ತಿಳಿಸಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಪತ್ರವೂ ನಮೂನೆ 35 ಕೂಡ ಬೇಕು; ಹಿಂದೂಪುರದಿಂದಲೋ ಹೊಸೂರಿನಿಂದಲೋ ಅಗ್ಗಕ್ಕೆ ತಂದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ, ಗಾಡಿ ಕೈ ಬದಲಾಯಿಸಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ತೀರ್ಪಿತ್ತಿದೆ. ಅಣ್ಣತಮ್ಮಂದಿರು ಮೂವರು ಸೇರಿ ಒಂದು ಗಾಡಿ ಕೊಳ್ಳುತ್ತೇವೆನ್ನುವವರೂ ಇದನ್ನು ಯೋಚಿಸಲಿ: ಓಡಿಸುವವರು ಮೂವರು, ಹೊಣೆ ಒಬ್ಬನದು. ನಮ್ಮ ಮನೆತನದಲ್ಲಿ ಒಂದು ಪಂಪ್‌ಸೆಟ್ಟನ್ನು ಹಂಚಿಕೊಂಡು ಏನಾಯಿತೆಂದು ಹಿರಿಯರಿಗೆ ಗೊತ್ತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಳೆದ ಸೋಮವಾರ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆಯೊಂದನ್ನು ತೆರೆದು ಒಂದು ಲಕ್ಷ ಹಾಕಿದೆ. ಖಾತೆ ಶ್ರೀಮತಿಯವರ ಹೆಸರಿನಲ್ಲಿದೆ, ಪಾಸ್‌ಬುಕ್ಕೂ ಅವರಲ್ಲಿಯೇ ಇದೆ. ಎಲ್ಲಿಗೆ ಯಾವಾಗ ಹೋಗುವುದೆಂದು ತೀರ್ಮಾನಿಸುವವರೂ ಅವರೇ. ಬಾಡಿಗೆ ಹೆಚ್ಚಾಯಿತೆಂದು ಹೇಳುವ ಅಧಿಕಾರವನ್ನು ನಾನು ಬಿಟ್ಟುಕೊಟ್ಟಿದ್ದೇನೆ. ಮೊದಲ ಪ್ರಯಾಣ ಬರುವ ಮಂಗಳವಾರ. ಬೆಳಿಗ್ಗೆ ಏಳಕ್ಕೆ ಹೊರಟು ಘಾಟಿಗೆ, ಅಲ್ಲಿಂದ ನಮ್ಮೂರಿನ ಹಳೆಯ ಮನೆಗೆ. ಅಣ್ಣ, ಅತ್ತಿಗೆ, ಹೊಸಕೋಟೆಯಿಂದ ಅಕ್ಕನ ಮಗ ಮತ್ತು ಸೊಸೆ, ನಾವಿಬ್ಬರು. ಚಾಲಕನನ್ನು ಬಿಟ್ಟು ಇನ್ನೂ ಒಂದು ಜಾಗ ಉಳಿದಿದೆ. ದೊಡ್ಡಬಳ್ಳಾಪುರದಲ್ಲಿರುವ ಬಂಧುಗಳು ಯಾರಾದರೂ ಬರುವುದಾದರೆ ಭಾನುವಾರ ಸಂಜೆಯೊಳಗೆ ತಿಳಿಸಿರಿ. ಬುತ್ತಿ ನಮ್ಮ ಮನೆಯಿಂದಲೇ ಬರುತ್ತದೆ.